ಪುಟದ ಅಡಿಯ ದಿನಾಂಕ

ಶಿಡ್ಲಘಟ್ಟ

ಚಿ॥ ಸೌಜನ್ಯಳಿಗೆ ಆಶೀರ್ವಾದಗಳು.

ಅಲಮೇಲುವಿನ ರಂಗೋಲಿ ಚಿತ್ರಗಳ ಕೆಳಗೆ ಹಾಕಲೆಂದು ಹಿಂದಿನ ಪತ್ರದಲ್ಲಿ ಬರೆದ ದಿನಾಂಕಗಳು ತಪ್ಪಾಗಿವೆ; ಕ್ಷಮಿಸು. ಗೋಡೆಗೆ ತೂಗುಹಾಕಿದ್ದ ಹಳೆಯ ವರ್ಷದ ಪಂಚಾಂಗವನ್ನು ನೋಡಿ ಬರೆದಿದ್ದೆ. ನೀನು ಅವನ್ನು ಅವಳ ಜಾಲಪುಟಕ್ಕೆ ಏರಿಸುವ ಮೊದಲೇ ಗಮನಿಸಿದ್ದು ಪುಣ್ಯ.

ಮೇಲೂರಿನಿಂದ ಬಂದು ನೀನು ಅವಳಿಗೆ ಜಾಲಪುಟ ಕಟ್ಟಲು ಕಲಿಸುತ್ತಿದ್ದ ಸಂಜೆಗಳು ನೆನಪಾಗುತ್ತವೆ. “ಚಿತ್ರಗಳೆಲ್ಲ ಪಕ್ಕಕ್ಕೆ ಓಡೋಗ್ತಿವೆ ಕಣೇ, ಹಿಡ್ಕೊಳ್ಳಮ್ಮ!” ಎಂದು ಅವಳು ಕೂಗುತ್ತಿದ್ದಳು. “ಬಿದಿರಿನ ಚಂದ್ರಿಕೇಲಿ ರೇಷ್ಮೆ ಹುಳ ಗೂಡು ಕಟ್ಟೋಕೆ ಜಾಗ ಬಿಡಲ್ವಾ ಅಜ್ಜಿ, ಹಂಗೇ ಬಿಡಿ” ಎಂದು ನೀನು ನಗುತ್ತಿದ್ದೆ. ಗಂಡನೆಂದು ಅವಳ ಬರವಣಿಗೆಯನ್ನು ತಿದ್ದಲು ಹೋದ ನನಗೆ ಸಿಕ್ಕ ಉತ್ತರ: “ನೀವು ಸುಮ್ನಿರಿ, ಇದು ನನ್ನ ಪುಟ.”

ಒಂದು ಕೋರಿಕೆಯಿದೆ. ಏನನ್ನು ತಿದ್ದಿದರೂ ಪುಟದ ಅಡಿಯಲ್ಲಿರುವ ‘ಕೊನೆಯ ತಿದ್ದುಪಡಿ’ಯ ದಿನಾಂಕ ತಾನಾಗಿಯೇ ಬದಲಾಗುತ್ತದೆ ಎಂದು ಅವಳು ಹೆಮ್ಮೆಯಿಂದ ಹೇಳಿದ್ದಳು. ಈಗ ಅಲ್ಲಿರುವುದು ಅವಳು ಆಸ್ಪತ್ರೆಗೆ ಹೊರಟ ದಿನ. ಅಂದು ಬೆಳಿಗ್ಗೆಯೂ ಕುಳಿತು ಏನನ್ನೋ ಸರಿಪಡಿಸಿದಳು. ಮತ್ತೆ ಮನೆಗೆ ಮರಳಲಿಲ್ಲ. ಉಳಿದವನ್ನು ತಿದ್ದುವಾಗ ಅದೊಂದು ಬದಲಾಗದಂತೆ ನೋಡಿಕೊಳ್ಳಲು ಸಾಧ್ಯವೇ?

ಇತಿ,
ಪುಟ್ಟಸ್ವಾಮಯ್ಯ

ಸರಿಯಾದ ದಿನಾಂಕಗಳು:
ಯುಗಾದಿ: 9-4-2024
ವರಮಹಾಲಕ್ಷ್ಮಿ ವ್ರತ: 16-8-2024
ಗಣೇಶ ಚೌತಿ: 7-9-2024
ಕೊನೆಯ ತಿದ್ದುಪಡಿ: 30-9-2024. ಇದು ಸರಿಯಾಗಿಯೇ ಇದೆ.