ನನ್ನ ಹೆಸರಿನ ಕಾರ್ಡು

ಓಂ ನಮಃ ಶಿವಾಯ

ಹುಬ್ಬಳ್ಳಿ
16-9-2004, ಗುರುವಾರ

ಭಾಗ್ಯಶ್ರೀಯ ಅಪ್ಪನವರಿಗೆ ಬಾಳವ್ವನ ಶರಣು.

ನೀವು ಕಂಪನಿಯ ಕೆಲಸಕ್ಕೆಂದು ಹೋಗಿರುವ ಬಳ್ಳಾರಿಯಿಂದ ಬರೆದ ಪತ್ರವನ್ನು ನಿಮ್ಮ ತಮ್ಮ ಶಿವಯೋಗೀಶ ಹೋದ ವಾರ ಸೋಮವಾರ ಗೋಪನಕೊಪ್ಪದ ಮನೆಗೆ ತಂದುಕೊಟ್ಟ. ಮನೆ ಬಿಟ್ಟು ಹೋಗಿ ಒಂಬತ್ತು ವರ್ಷವಾದ ಮೇಲೆ ನೀವು ನನಗೆ ಬರೆದ ಮೊದಲ ಪತ್ರ. ಬಿಚ್ಚುವ ಮೊದಲು ದೇವರ ಮುಂದೆ ಇಟ್ಟೆ, ಸುಳ್ಳು ಹೇಳುವುದಿಲ್ಲ. ಓದಿದ ಮೇಲೆ ಮತ್ತೆ ಅಲ್ಲಿ ಇಡಲಿಲ್ಲ.

ನೀವು ಕೇಳಿದ್ದು ಇಷ್ಟು. ನಿಮ್ಮ ಹತ್ತಿ ಕಂಪನಿಯವರು ಈ ವರ್ಷ ನೌಕರರಿಗೂ ಅವರ ಹೆಂಡತಿ ಮಕ್ಕಳಿಗೂ ದವಾಖಾನೆ ಖರ್ಚಿನ ಖಾಸಗಿ ವಿಮೆ ಮಾಡಿಸಿದ್ದಾರೆ. ಧಾರವಾಡದಲ್ಲಿ ನಿಮ್ಮ ಜೊತೆಗಿರುವಾಕೆಗೆ ಗರ್ಭಚೀಲ ತೆಗೆಸಬೇಕಾಗಿದೆ. ಆದರೆ ಆಫೀಸಿನ ದಾಖಲೆಯಲ್ಲಿ ಹೆಂಡತಿ ಎಂದಿರುವುದು ನಾನು. ವಿಳಾಸವೂ ನನ್ನ ಮನೆಯದೇ ಉಳಿದದ್ದರಿಂದ ಕಾರ್ಡು ಅಂಚೆಯಲ್ಲಿ ನನ್ನ ಕೈಗೇ ಬಂತು. ಅದನ್ನು ಕೊಟ್ಟು ಫಾರ್ಮಿಗೊಂದು ಸಹಿ ಮಾಡಿದರೆ, ತಿಂಗಳ ಕೊನೆಗೆ ನೀವು ಊರಿಗೆ ಬಂದಾಗ ಆಕೆಯನ್ನು ಬಾಳವ್ವ ಎಂಬ ಹೆಸರಿನಲ್ಲಿ ಖಾಸಗಿ ದವಾಖಾನೆಗೆ ಸೇರಿಸುತ್ತೀರಿ. ಕಾರ್ಡಿನ ಮೇಲೆ ಫೋಟೋ ಇಲ್ಲ, ಯಾರಿಗೂ ತಿಳಿಯುವುದಿಲ್ಲ ಎಂದಿದ್ದೀರಿ.

ಕೊಡುವುದಿಲ್ಲ.

ಶಿವಯೋಗೀಶನಿಗೂ ಹೀಗೆಯೇ ಹೇಳಿದೆ. ಅವನು ಬಿಡಲಿಲ್ಲ. “ವೈನಿ, ಒಂದ ಸಹಿ ರೀ. ನಿಮ್ಮ ಹೆಸರೇನ ಸವೀತೈತೇನ್ರಿ?” ಎಂದ.

“ಸವಿಯೂದಿಲ್ಲೋ ತಮ್ಮಾ. ಆದ್ರ ಆಕಿಗೆ ಅಲ್ಲೆ ಏನರ ಹೆಚ್ಚುಕಡಿಮಿ ಆತಂದ್ರ ಸತ್ತಾಕಿ ಯಾರು? ಮರುದಿನ ನಾ ಹಾಲು ತರಾಕ ಹೋದ್ರ ಮಂದಿ ದೆವ್ವ ಬಂತು ಅನ್ನಬೇಕೇನು?”

“ಹಂಗ್ಯಾಕಂತೀರಿ? ಸಣ್ಣ ಆಪರೇಷನ್ ಐತ್ರಿ.”

“ಸಣ್ಣದು? ನೀ ಮಾಡಿಸ್ಕೊಂಡಿದ್ದೇನು?”

ಒಳಗಿನಿಂದ ಭಾಗ್ಯಶ್ರೀ ನಕ್ಕುಬಿಟ್ಟಳು. ಅವನು ಚಹಾ ಬಸಿಯಲ್ಲೇ ಬಿಟ್ಟು ಎದ್ದ.

ನಾನು ನಾಲ್ಕನೆಯ ಇಯತ್ತೆಯವರೆಗೆ ಹಳ್ಳಿಯ ಸಾಲೆ ಕಲಿತವಳು, ವಿಮೆಯ ಕಾಯಿದೆ ನನಗೆ ತಿಳಿಯದು. ಆದರೆ ನನ್ನ ಹೆಸರಿನಲ್ಲಿ ಆಪರೇಷನ್ ಆದರೆ ಕಾಗದದ ಪ್ರಕಾರ ಎರಡು ಮಕ್ಕಳನ್ನು ಹೊತ್ತ ನನ್ನ ಗರ್ಭಚೀಲವೇ ಹೋದಂತೆ ಎಂಬುದು ತಿಳಿಯುತ್ತದೆ. ನಾಳೆ ನನಗೇ ಆ ಜಡ್ಡು ಬಂದರೆ ಕಂಪನಿಯವರು ಏನೆಂದಾರು? ನಿಮಗದು ಏನೂ ಅನ್ನಿಸಿಲ್ಲ. ಯಾರಿಗೂ ತಿಳಿಯುವುದಿಲ್ಲ ಎಂದಿರಲ್ಲ, ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತಾಗ ನನಗೆ ಮೊದಲು ನೆನಪಾಗುವುದೇ ಯಾರಿಗೂ ತಿಳಿಯದೆ ಉಳಿದದ್ದು. ಗುರುಗಳು ಕಿವಿಯಲ್ಲಿ ಮಂತ್ರ ಹೇಳಿದ ದಿನ ಕರೆದ ಹೆಸರು ಇದು. ಕೊಡೆ ಎರವಲು ಕೊಟ್ಟಂತೆ ಇದನ್ನು ಕೊಡಲಾರೆ.

ವಿಮೆ ಕೆಟ್ಟದ್ದೆಂದು ನಾನು ಅನ್ನುವುದಿಲ್ಲ. ಒಳ್ಳೆಯದೇ. ಆಕೆಗೂ ಅದು ಬೇಕೆಂದಿದ್ದರೆ ನೀವು ಆಫೀಸಿಗೆ ಹೋಗಿ, ಹೀಗೆ ಹೀಗೆ ಎಂದು ಖರೇ ಸಂಗತಿ ಹೇಳಿ ಕೇಳಬೇಕಿತ್ತು. ಅವರು ಆಗದು ಎಂದರೆ ಅನ್ನಲಿ, ಕೇಳಿದ ಹಾಗಾದರೂ ಆಗುತ್ತಿತ್ತು. ಅಲ್ಲಿ ನಿಮಗೆ ಮರ್ಯಾದೆ ಅಡ್ಡ ಬಂತು. ಒಂಬತ್ತು ವರ್ಷ ನಾನು ಕಾಗದದಲ್ಲಿ ಹೆಂಡತಿ, ಆಕೆ ಮನೆಯಲ್ಲಿ. ಈಗ ಜಡ್ಡು ಬಂದಾಗ ಇಬ್ಬರನ್ನೂ ಸೇರಿಸಿ ಒಬ್ಬಳನ್ನು ಮಾಡಲು ಹೊರಟಿರಿ.

ಸರಕಾರಿ ದವಾಖಾನೆಗೆ ಕರೆದೊಯ್ದರೆ ನಾಲ್ಕು ಮಂದಿ ಏನೆಂದಾರು ಎಂದೂ ಬರೆದಿದ್ದೀರಿ. ನಿಮ್ಮ ಅವ್ವನ ಕಣ್ಣಿನ ಆಪರೇಷನ್ ಆದದ್ದು ಎಲ್ಲಿ? ಭಾಗ್ಯಶ್ರೀ ಹುಟ್ಟಿದ್ದು ಎಲ್ಲಿ? ಅಲ್ಲಿ ಸಾಲು ಉದ್ದ ಇರುತ್ತದೆ, ಮಂಚ ಸಿಗದಿದ್ದರೆ ಚಾಪೆ ಹಾಸಬೇಕಾಗುತ್ತದೆ, ಆಯಾಗಳು ಗದರುತ್ತಾರೆ. ಎಲ್ಲ ಖರೆ. ಆದರೆ ಒಳಗೆ ಹೋಗಲು ಅವರು ಯಾರ ಹೆಂಡತಿಯ ಕಾರ್ಡನ್ನೂ ಕೇಳುವುದಿಲ್ಲ.

ಆಕೆ ತಿಂಗಳ ಕೊನೆಯವರೆಗೆ ಕಾಯಲಿ ಎಂದು ನೀವು ಆರಾಮಾಗಿ ಬರೆದಿರಿ. ನಾಲ್ಕು ತಿಂಗಳಿನಿಂದ ಆಕೆಗೆ ರಕ್ತ ನಿಂತಿಲ್ಲ. ಗಾದಿ ಕೆಡುತ್ತದೆಂದು ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು ಮಲಗುತ್ತಾಳೆ. ನೀರಿನ ಕೊಡ ಎತ್ತಲು ಹೋಗಿ ಎರಡು ಸಲ ಕಣ್ಣುಕತ್ತಲೆ ಬಂದು ಬಿದ್ದಿದ್ದಾಳೆ. ಇದೆಲ್ಲ ನನಗೆ ಹೇಗೆ ಗೊತ್ತೆಂದು ಕೇಳಬೇಡಿರಿ. ನಿಮಗೆ ಹೇಗೆ ಗೊತ್ತಿರಲಿಲ್ಲ ಎಂದು ನಾನು ಕೇಳುತ್ತೇನೆ.

ಕಾರ್ಡು ನನ್ನ ಟ್ರಂಕಿನಲ್ಲಿದೆ. ನನ್ನ ಜಡ್ಡಿಗೆ ಬೇಕಾದ ದಿನ ನಾನೇ ತೆಗೆಯುತ್ತೇನೆ. ಫಾರ್ಮನ್ನು ಸಹಿ ಇಲ್ಲದೆ ಇದರ ಜೊತೆಗೇ ಕಳಿಸಿದ್ದೇನೆ.

ಇಂತು, ಯಾರಿಗೂ ತನ್ನ ಹೆಸರು ಎರವಲು ಕೊಡದ
ಬಾಳವ್ವ

ತಾ.ಕ.: ಇದನ್ನು ನಾನು ಮನೆಯಲ್ಲಿ ಕೂತು ಬರೆದಿಲ್ಲ. ಸರಕಾರಿ ದವಾಖಾನೆಯ ಹೆಂಗಸರ ವಾರ್ಡಿನ ಹೊರಗಿನ ಬಾಕಿನ ಮೇಲೆ ಕೂತಿದ್ದೇನೆ. ಶಿವಯೋಗೀಶ ಬಂದುಹೋದ ಎರಡನೆಯ ದಿನ ನಾನೇ ಧಾರವಾಡಕ್ಕೆ ಹೋಗಿದ್ದೆ, ಬೈಯಲಿಕ್ಕೆಂದು. ಬಾಗಿಲು ತೆಗೆದವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಬೈಯುವುದು ಬಿಟ್ಟು ಆಕೆಯನ್ನು ಕೂರಿಸಿ ಗಂಜಿ ಕಾಸಿ ಕುಡಿಸಿದೆ. ಶುಕ್ರವಾರ ಕರೆತಂದು ಸೇರಿಸಿದೆ. ಇವತ್ತು ಮುಂಜಾನೆ ಆಪರೇಷನ್ ಆಯಿತು. ಉಳಿದಳು.

ಸೇರಿಸುವ ದಿನ ಕಾಗದ ಬರೆಯುವ ಅಖ್ತರಬೇಗಂ ಎಂಬಾಕೆ ಹೆಸರು ಕೇಳಿದಳು. ಸುಮಲತಾ ಎಂದು ಆಕೆಯೇ ಹೇಳಿದಳು. “ಗಂಡನ ಹೆಸರು?” ಎಂದಾಗ ನನ್ನ ಕಡೆ ನೋಡಿದಳು. “ಲಗೂ ಹೇಳ್ರಿ ಅವ್ವಾರ, ಹಿಂದ ಮಂದಿ ನಿಂತಾರ” ಎಂದಳು ಅಖ್ತರಬೇಗಂ. ಮದುವೆಯಾಗಿ ಮೂವತ್ತೆರಡು ವರ್ಷ, ಗಂಡನ ಹೆಸರು ಹೇಳಬಾರದೆಂದು ಒಮ್ಮೆಯೂ ನಾನು ನಿಮ್ಮ ಹೆಸರನ್ನು ಬಾಯಿಂದ ತೆಗೆದವಳಲ್ಲ. ಅವತ್ತು ಹೇಳಿದೆ. ಸಾಲಿನ ಕೊನೆಯವರಿಗೂ ಕೇಳುವ ಹಾಗೆ ಚನ್ನಯ್ಯ ಎಂದೆ. “ನೀವ್ ಏನಾಗಬೇಕ್ರಿ?” ಎಂದು ಕೇಳಿದ್ದಕ್ಕೆ ಅಕ್ಕ ಎಂದು ಬರೆಸಿದೆ.

ಭೇಟಿಗೆ ಬಿಡುವುದು ಸಂಜೆ ನಾಲ್ಕರಿಂದ ಆರು. ಬಾಗಿಲಲ್ಲಿ ಯಾರನ್ನು ನೋಡಬೇಕು, ನೀವು ಅವರಿಗೆ ಏನಾಗಬೇಕು ಎಂದು ಕೇಳುತ್ತಾರೆ. ಬಂದು, ನಿಮ್ಮ ಬಾಯಿಂದಲೇ ಹೇಳಿ ಒಳಗೆ ಬರ್ರಿ.