ತಾರಸಿಯ ಮೇಲೆ ಅವ್ವ

ಏಪ್ರಿಲ್ 12, ಶನಿವಾರ

ಚನ್ನರಾಯಪಟ್ಟಣದ ಹೊಸ ಕಾಂಪ್ಲೆಕ್ಸ್ ತೋರಿಸಲು ಕರೆದುಕೊಂಡು ಹೋದರೆ, ಅವ್ವ ಚಪ್ಪಲಿಯನ್ನು ಗೇಟಿನಲ್ಲೇ ಬಿಟ್ಟಳು. ಅದು ನನ್ನನ್ನು ಇನ್ನೂ ಚುಚ್ಚುತ್ತಿದೆ. ಕಂಡವರ ಕಟ್ಟಡಗಳಲ್ಲಿ ಬರಿಗಾಲಲ್ಲೇ ಬಾಂಡ್ಲಿ ಹೊತ್ತವಳು. “ಹಾಕ್ಕಳವ್ವ, ನಿನ್ ಮಗ್ಳೇ ಕೆಲ್ಸ ಮಾಡಿರೋ ಜಾಗ ಇದು” ಎಂದು ರೇಗಿದರೂ ಕೇಳಲಿಲ್ಲ.

ಸುಡುಮಧ್ಯಾಹ್ನದಲ್ಲಿ ಹಾಗೇ ತಾರಸಿ ಹತ್ತಿದಳು. ಹೆಂಗಸರಿಗೆ ಹೊರುವ ಕೆಲಸವಷ್ಟೇ ಎಂದವರ ಎದುರೇ, ತರಬೇತಿ ಮುಗಿಸಿದ ನಾವು ಐದು ಜನ ಹೆಂಗಸರು ಬಿಸಿಲು ತಡೆಯುವ ಬಿಳಿ ಬಣ್ಣ ಬಳಿದ ತಾರಸಿ. ಕೆಳಗಿನ ಅಂಗಡಿಗಳಲ್ಲಿ ಎಸಿಯ ಕರೆಂಟು ಎಷ್ಟು ಉಳಿಯುತ್ತದೆ ಎಂದು ವಿವರಿಸಲು ಹೊರಟೆ. ಅವ್ವ ಅಂಗಾಲು ಒತ್ತಿ ಒತ್ತಿ ನೋಡುತ್ತಿದ್ದಳು.

“ಸುಡ್ತಾನೇ ಇಲ್ವಲ್ಲ ಕಣೇ ರಂಜಿ!”

ನನ್ನ ವಿವರಣೆ ಅಲ್ಲಿಗೇ ನಿಂತಿತು.

ಅಷ್ಟರಲ್ಲಿ ಮಾಲೀಕ ರಾಮಣ್ಣನವರು ಮೆಟ್ಟಿಲು ಹತ್ತಿ ಬಂದರು. ನಾನು ನಮಸ್ಕಾರ ಎನ್ನುವ ಮೊದಲೇ ಅವ್ವ ಕೈ ಅಡ್ಡ ಹಿಡಿದಳು.

“ಬೂಟ್ ಬುಟ್ಬುಟ್ಟು ಬನ್ನಿ ಸಾ. ನನ್ ಮಗ್ಳು ಬಳ್ದವ್ಳೆ, ಕೊಳೆ ಆಗೋಯ್ತದೆ.”

ರಾಮಣ್ಣನವರು ಅವ್ವನನ್ನು ನೋಡಿದರು, ತಾರಸಿಯನ್ನು ನೋಡಿದರು. ಆಮೇಲೆ ಮೆಟ್ಟಿಲ ಮೇಲೆ ಕೂತು ಲೇಸು ಬಿಚ್ಚತೊಡಗಿದರು.