ಏಳು ಏಟಿನ ಗ್ಯಾಸ್ ಲಾರಿ

ಜುಯಿಸ್ ದೆ ಫೋರಾ,
ಮಂಗಳವಾರ, 11 ಜೂನ್ 1991

ಪ್ರೀತಿಯ ಮಗ ಲೌರಿವಾಲ್‌ಗೆ,

ಬೆನ್ನುನೋವು ಕಡಿಮೆಯಾಯಿತೇ? ಸಾವೊ ಪೌಲೊದಲ್ಲಿ ಚಳಿ ಶುರುವಾಗಿದೆಯೆಂದು ರೇಡಿಯೊದವರು ಹೇಳಿದರು. ನಾನು ಹೆಣೆದು ಕಳಿಸಿದ ಕಂದು ಸ್ವೆಟರನ್ನು ನೀನು ಹಾಕಿಕೊಳ್ಳುತ್ತಿದ್ದೀಯೋ, ಇಲ್ಲ ಅದು ಈಗಲೂ ಕೀಬೋರ್ಡಿನ ಮೇಲೆ ಧೂಳು ಕೂರದಂತೆ ಹೊದೆಸಿದ ಬಟ್ಟೆಯೋ? ಸಂಜೆಯಿಂದ ಹೋಟೆಲಿನ ಸುಟ್ಟ ಮಾಂಸದ ಹೊಗೆಯಲ್ಲಿ ಕೂತು ಬಾರಿಸುವವನು ಬೆಳಿಗ್ಗೆಯಾದರೂ ಒಂದು ಹೋಳು ಪಪ್ಪಾಯಿ ತಿನ್ನಬೇಕು. ಇಲ್ಲಿ ನಾವಿಬ್ಬರೂ ಕ್ಷೇಮ. ನಿಮ್ಮಪ್ಪನ ಮಂಡಿ ಮೊದಲಿನಷ್ಟೇ ಕಿರುಗುಟ್ಟುತ್ತದೆ, ಹೆಚ್ಚಿಲ್ಲ. ನನಗೆ ಮಾತ್ರ ಹೋದ ವಾರದಿಂದ ತೆರೆದ ಬಾಯಿ ಮುಚ್ಚಲಾಗುತ್ತಿಲ್ಲ. ಮಾತಾಡಿ ಮಾತಾಡಿ ಅಲ್ಲ, ಆ ಕಾಯಿಲೆ ಹಳೆಯದು; ಇದು ದಿಗ್ಭ್ರಮೆಯಿಂದ. ಫೋನ್ ಮಾಡಿ ಹೇಳೋಣವೆಂದರೆ ನೀನು ಟೆಲಿಫೋನ್ ಲೈನನ್ನೇ ಮಾರಿಕೊಂಡು ಕೂತಿದ್ದೀಯ. ಆದ್ದರಿಂದ ಈ ಪತ್ರ. ಮೊದಲ ಸಾಲು ಓದಿ, ಕೊನೆಗೆ ಹಾರಿ, ಮಡಚಿಡುವ ನಿನ್ನ ಅಭ್ಯಾಸವನ್ನು ಈ ಒಂದು ಸಲಕ್ಕೆ ಬಿಡು.

ನಿನ್ನ ಕಾಗದ ಬಂದ ದಿನ ಊಟದ ಮೇಜಿನ ಮುಂದೆ ನಾನೇ ಗಟ್ಟಿಯಾಗಿ ಓದಿದೆ. ಬರುವ ಹದಿನೈದನೇ ತಾರೀಖು, ಶನಿವಾರ ಸಂಜೆ, ಸಾಂತೋಸಿನ ಒಬ್ಬ ದಂತವೈದ್ಯರು ಬಂದು ನಿನ್ನ ಕೀಬೋರ್ಡನ್ನು, ಆ ಸಿಂಥಸೈಜರನ್ನು, ಕೊಂಡೊಯ್ಯುತ್ತಾರೆ, ಸೋಮವಾರದಿಂದ ನೀನು ಭಾವನ ಡ್ರೈವಿಂಗ್ ಶಾಲೆಯಲ್ಲಿ ಕೆಲಸಕ್ಕೆ ಕೂರುತ್ತೀಯ, ಇನ್ನು ಸಂಗೀತದ ಹೆಸರೆತ್ತುವುದಿಲ್ಲ ಎಂದು ಬರೆದಿದ್ದೆ. ‘ಇಪ್ಪತ್ತು ವರ್ಷ ಬಾರಿಸಿದೆ ಅಮ್ಮ, ಯಾರೂ ಕೇಳಲಿಲ್ಲ’ ಎಂಬ ಸಾಲಿಗೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡೆ. ನಿಮ್ಮ ತಂದೆಯವರು ಕಿತ್ತಳೆ ಸುಲಿಯುತ್ತಿದ್ದರು, ಎಂದಿನಂತೆ ಸಿಪ್ಪೆ ಎಲ್ಲೂ ತುಂಡಾಗದ ಹಾಗೆ, ಒಂದೇ ಉದ್ದನೆಯ ಪಟ್ಟಿಯಾಗಿ. ನಾನು ಓದಿ ಮುಗಿಸಿದಾಗ ಆ ಸಿಪ್ಪೆ ನಡುವೆ ತುಂಡಾಗಿತ್ತು. ಅದನ್ನು ತಟ್ಟೆಯ ಅಂಚಿಗಿಟ್ಟು ‘ಹ್ಞೂಂ’ ಅಂದರು. ನಿನ್ನ ಸಂಗೀತದ ಬಗ್ಗೆ ಅವರು ಇಂದಿನವರೆಗೆ ಪ್ರಕಟಿಸಿರುವ ಸಮಗ್ರ ವಿಮರ್ಶೆ ಅದೊಂದೇ ಅಕ್ಷರದ್ದಲ್ಲವೇ? ಮಗ ಕೊನೆಗೂ ದಾರಿಗೆ ಬಂದ ಎಂಬ ಸಮಾಧಾನದ ಹ್ಞೂಂ ಅದು ಎಂದು ನಾನು ತಿಳಿದೆ. ಸಿಟ್ಟೂ ಬಂತು. ಅವರ ತಟ್ಟೆಗೆ ಅನ್ನ ಬಡಿಸುವಾಗ ಸೌಟನ್ನು ಸ್ವಲ್ಪ ಜೋರಾಗಿಯೇ ಕುಟ್ಟಿದೆ.

ಆಮೇಲೆ ಪಾತ್ರೆ ತೊಳೆಯುತ್ತ ನಿನ್ನ ಘನ ಜೀವನಚರಿತ್ರೆಯನ್ನು ಮನಸ್ಸಿನಲ್ಲೇ ಪಾರಾಯಣ ಮಾಡಿದೆ. ಹನ್ನೆರಡನೇ ವಯಸ್ಸಿನಲ್ಲಿ ಇಗರ್ಜಿಯ ಆರ್ಗನ್ ಹಿಡಿದೆ. ಈಸ್ಟರ್ ದಿನ ಸ್ತುತಿಗೀತೆಯ ನಡುವೆ ನಿನ್ನದೇ ಒಂದು ವಿಹಾರ ಹೊರಟು, ಪಾದ್ರಿಗಳು ಎತ್ತಿದ ಕೈ ಇಳಿಸಲಾರದೆ ನಡುಗುವವರೆಗೆ ವಾಪಸ್ ಬರಲಿಲ್ಲ. ಅಲ್ಲಿಂದ ಹೊರಬಿದ್ದು ಕುಣಿತದ ಬ್ಯಾಂಡು ಸೇರಿದೆ; ನಿನ್ನ ತಾಳಕ್ಕೆ ಕುಣಿಯಲು ಹೋಗಿ ಊರಿನ ಎರಡು ನಿಶ್ಚಿತಾರ್ಥಗಳು ಮುರಿದವು. ಆಮೇಲೆ ‘ಗಾಜಿನ ಏಣಿ’ ಎಂಬ ನಿಮ್ಮ ತಂಡ. ಊಟದ ಕೋಣೆಯ ನೇರಳೆ ಪರದೆ ಹರಿದು ನಿನಗೆ ಮೇಲಂಗಿ ಹೊಲಿದುಕೊಟ್ಟವಳು ನಾನೇ. ಇವತ್ತಿಗೂ ಆ ಕಿಟಕಿಗೆ ಪರದೆಯಿಲ್ಲ. ವಿದೇಶಿ ವಾದ್ಯಗಳನ್ನು ಸರ್ಕಾರ ಒಳಗೇ ಬಿಡದಿದ್ದ ಕಾಲದಲ್ಲಿ ಗಿಯೊಮಾರ್ ಚಿಕ್ಕಮ್ಮ ನಿನ್ನ ಸಿಂಥಸೈಜರನ್ನು ರಾತ್ರಿಯುಡುಪುಗಳಲ್ಲಿ ಸುತ್ತಿ ತಂದಳು. ವಿಮಾನ ನಿಲ್ದಾಣದ ಅಧಿಕಾರಿ ಕೇಳಿದ್ದಕ್ಕೆ, ‘ಹಿಟ್ಟು ಒತ್ತೋ ಯಂತ್ರ ಕಣಪ್ಪ, ನಾವು ದೊಡ್ಡ ಕುಟುಂಬ’ ಅಂದಳಂತೆ. ಆ ಹಿಟ್ಟಿನ ಯಂತ್ರದಿಂದ ನೀನು ತೆಗೆದ ರೆಕಾರ್ಡಿನ ಒಂದು ಬದಿ ಪೂರ್ತಿ ಒಂದೇ ಹಾಡು, ಹಾಡಿನಲ್ಲಿ ಮಾತೇ ಇಲ್ಲ, ತಾಳ ಏಳೇಳು ಏಟಿಗೆ ಮುಗಿಯುತ್ತದೆ. ಪತ್ರಿಕೆಯವರು ‘ಧೀರ, ಕುಂಟುವ, ಅಪೂರ್ವ ಲಯ’ ಎಂದು ಬರೆದರು. ಜನ ಓದಿ ಮೆಚ್ಚಿದರು, ಕೊಳ್ಳಲಿಲ್ಲ. ತಂಡ ಒಡೆಯಿತು. ನೀನೊಬ್ಬನೇ ತಂತಿಗಳ ನಡುವೆ ಕೂತು ವಿದ್ಯುತ್ ಸಂಗೀತ ಮಾಡಿದೆ. ಅದರಲ್ಲಿ ಟಿವಿಯವರು ಹವಾಮಾನ ವರದಿಗೆ ಒಂದು ಚೂರು ತೆಗೆದುಕೊಂಡರು. ಮೋಡ ಬಂದಾಗಲೆಲ್ಲ ನಾನು ಕಿವಿಗೊಟ್ಟು ಕೂರುತ್ತಿದ್ದೆ. ಕೊನೆಗೆ ಮಾಂಸದ ಹೋಟೆಲು. ಅಲ್ಲಿ ನಿನ್ನ ಹತ್ತಿರ ಬರುವವರು ಹಾಡು ಕೇಳುವುದಿಲ್ಲ, ‘ಕೈ ತೊಳೆಯೋದು ಎಲ್ಲಿ?’ ಎಂದು ಕೇಳುತ್ತಾರೆ ಎಂದು ನೀನೇ ಬರೆದಿದ್ದೆ.

ಈಗ ಮುಖ್ಯ ಸುದ್ದಿ. ಕಾಗದ ಬಂದ ಮರುದಿನ ಸಂಜೆ ನಿಮ್ಮಪ್ಪ, ‘ಸಂತ ಅಂತೋನಿಯ ಪ್ರಾರ್ಥನೆ ಶುರುವಾಗಿದೆಯಲ್ಲ, ಹೋಗಿ ಬಾ’ ಅಂದರು. ಮದುವೆಯಾದಂದಿನಿಂದ ಈ ಮನುಷ್ಯ ನನ್ನನ್ನು ಇಗರ್ಜಿಗೆ ಅಟ್ಟಿದ್ದೇ ಇಲ್ಲ. ಅವರಿಗೆ ಜ್ವರವಿರಬಹುದೆಂದು ಹಣೆ ಮುಟ್ಟಿ ನೋಡಿಯೇ ಹೊರಟೆ. ವಾಪಸ್ ಬಂದಾಗ ರೆಕಾರ್ಡ್ ಪ್ಲೇಯರು ಬೆಚ್ಚಗಿತ್ತು, ಅದರ ಮುಂದೆ ಪಕ್ಕದ ಮನೆಯ ಟೇಪ್ ರೆಕಾರ್ಡರ್ ಇತ್ತು, ಒಲೆಯ ಮೇಲೆ ಬೀನ್ಸು ಸೀದಿತ್ತು. ಕೇಳಿದರೆ ‘ಹ್ಞೂಂ’.

ಹೋದ ವಾರ ಸೋಮವಾರ ಬೆಳಿಗ್ಗೆ ನಾನು ಬೆಳ್ಳುಳ್ಳಿ ಜಜ್ಜುತ್ತಿದ್ದೆ. ಇದ್ದಕ್ಕಿದ್ದಂತೆ ನಿನ್ನ ಹಾಡು ಕೇಳಿಸಿತು. ಮನೆಯೊಳಗಿಂದಲ್ಲ, ಬೀದಿಯಿಂದ; ಗೋಡೆ, ಕಿಟಕಿ, ಬಸಿ, ಲೋಟ ಎಲ್ಲ ನಡುಗುವ ಹಾಗೆ. ಹಳೆಯ ಕಲಾವಿದರ ಹಾಡನ್ನು ಎಲ್ಲ ಕಡೆ ಹಾಕುವುದು ಅವರು ಸತ್ತ ದಿನ ಮಾತ್ರ ಎಂದು ನನಗೆ ಗೊತ್ತು. ಕಲ್ಲು ಹಿಡಿದುಕೊಂಡೇ, ಒಂದು ಕಾಲಿಗೆ ಮಾತ್ರ ಚಪ್ಪಲಿ ಮೆಟ್ಟಿ ಬೀದಿಗೆ ಓಡಿದೆ. ಅಲ್ಲಿ ನೋಡಿದರೆ ನಿಮ್ಮಪ್ಪನ ಗ್ಯಾಸ್ ಲಾರಿ. ಗ್ಯಾಸ್ ಬಂತೆಂದು ಬೀದಿಗೆ ಸಾರಲು ಏಜೆನ್ಸಿಯವರು ಕೊಟ್ಟಿದ್ದ ಆ ಟಿಣಿಟಿಣಿ ಪಿಯಾನೊ ಕ್ಯಾಸೆಟ್ ತೆಗೆದು ಬಿಸಾಕಿ, ನಿನ್ನ ರೆಕಾರ್ಡಿನಿಂದ ಇಳಿಸಿಕೊಂಡ ಟೇಪನ್ನು ಹಾಕಿಕೊಂಡಿದ್ದಾರೆ. ಸ್ಟಿಯರಿಂಗ್ ಹಿಂದೆ ಕೂತು, ಮುಂದಿನ ರಸ್ತೆಯನ್ನೇ ನೋಡುತ್ತ, ಏನೂ ಆಗಿಲ್ಲದವರ ಮುಖ ಮಾಡಿಕೊಂಡು, ನನ್ನನ್ನು ದಾಟಿ ಹೋದರು. ಲಾರಿ ಅರ್ಧ ಬೀದಿ ದಾಟುವವರೆಗೆ ನಾನು ಬಾಯಿ ತೆರೆದುಕೊಂಡು ಬೆಳ್ಳುಳ್ಳಿ ಕಲ್ಲು ಹಿಡಿದು ನಿಂತಿದ್ದೆ.

ಬೀದಿಯ ಪ್ರತಿಕ್ರಿಯೆಯನ್ನೂ ದಾಖಲಿಸಬೇಕು. ಆ ದಿನ ಯಾರೂ ಸಿಲಿಂಡರ್ ಹಿಡಿದು ಹೊರಗೆ ಬರಲಿಲ್ಲ. ಮೂಲೆಮನೆಯವರು ಹಾರುವ ತಟ್ಟೆ ಇಳಿಯಿತೆಂದು ಮಗುವನ್ನು ಒಳಗೆಳೆದುಕೊಂಡರು. ಬೇಕರಿಯವನು ಟೋಪಿ ತೆಗೆದು, ‘ಒರೆಸ್ಟೆಸ್ ಅವರೇ, ಯಾರ ಮನೇಲಿ ಸಾವು?’ ಎಂದು ಕೇಳಿದ. ‘ಯಾರೂ ಸತ್ತಿಲ್ಲ. ಗ್ಯಾಸು’ ಅಂದರು ಇವರು. ಮಧ್ಯಾಹ್ನದ ಹೊತ್ತಿಗೆ ನಾಲ್ಕಾರು ಮನೆಗಳಲ್ಲಿ ಒಲೆ ಆರಿ, ಜೋಳದ ಪಾಯಸ ಅರ್ಧ ಬೆಂದು ನಿಂತಿತು. ಮೇಲಿಂದ ಇನ್ನೊಂದು ಅನಾಹುತ. ರೆಕಾರ್ಡ್ ಮಾಡುವಾಗ ಒಲೆಯ ಮೇಲಿದ್ದ ಕುಕ್ಕರಿನ ಉಸ್ಸೆಂಬ ಸದ್ದೂ ಟೇಪಿನೊಳಗೆ ಸೇರಿಕೊಂಡಿದೆ. ಅದು ಬಂದಾಗಲೆಲ್ಲ ಗ್ಯಾಸ್ ಸೋರುತ್ತಿದೆಯೆಂದು ಬೀದಿಯ ಹೆಂಗಸರೆಲ್ಲ ಒಳಗೋಡಿ ಆರಿದ ಒಲೆಯನ್ನು ಮತ್ತೆ ಆರಿಸುತ್ತಾರೆ. ಅದಾದ ಮೇಲೆ, ನೀನು ಮೆಲ್ಲಗೆ ಒಂದೊಂದೇ ಸ್ವರ ಬಿಡುವ ಆ ನಿಶ್ಶಬ್ದದ ಜಾಗದಲ್ಲಿ, ನಿಮ್ಮ ತಂದೆಯವರ ಕೆಮ್ಮು. ಇಡೀ ಬಡಾವಣೆಗೆ ಧ್ವನಿವರ್ಧಕದಲ್ಲಿ.

ಒಬ್ಬರು ಮಾತ್ರ ಮೊದಲ ದಿನವೇ ಖಾಲಿ ಸಿಲಿಂಡರನ್ನು ಉರುಳಿಸಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದರು: ದೋನಾ ಎರ್ಸೀಲಿಯಾ, ನೀನು ಚಿಕ್ಕವನಿದ್ದಾಗ ಅವರ ಪೇರಲೆ ಮರ ಹತ್ತುತ್ತಿದ್ದೆಯಲ್ಲ, ಆ ಮುದುಕಿ. ಕಣ್ಣು ಈಗ ಪೂರ್ತಿ ಹೋಗಿದೆ. ‘ನಿಮಗೆ ಇದು ಗ್ಯಾಸ್ ಲಾರಿ ಅಂತ ಹೇಗೆ ಗೊತ್ತಾಯ್ತು?’ ಎಂದು ಕೇಳಿದೆ. ‘ಇದೇನೇ ಜುರೆಮಾ, ನಿನ್ನ ಗಂಡನ ಹಳೇ ಏಟು ನಿನಗೇ ಮರೆತುಹೋಯ್ತಾ? ಈ ಮೈಕು ಗೀಕು ಬರೋಕೆ ಮುಂಚೆ ಸಲಾಕೆ ತಗೊಂಡು ಸಿಲಿಂಡರ್ ಬಡ್ಕೊಂಡು ಬರ್ತಿದ್ನಲ್ಲ. ಅದೇ ಇದು. ನಡುವೆ ಯಾರೋ ಪೀಪಿ ಊದಿದ್ದಾರೆ ಅಷ್ಟೇ’ ಅಂದರು.

ಮಗನೇ, ನಾನು ಅವರ ಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕಣ್ಣು ಮುಚ್ಚಿ ಕೇಳಿದೆ. ಹೌದು. ಟಣ್ ಟಣ್ ಟಣ್ ಟಣ್, ಟಣ್ ಟಣ್ ಟಣ್, ಮತ್ತೆ ಮೊದಲಿಂದ. ನಮ್ಮ ಬಡಾವಣೆಯ ದಿಬ್ಬದ ಬುಡದಿಂದ ಆ ಸದ್ದು ಹತ್ತಿ ಬರುವಾಗ ನೀನು ತೊಟ್ಟಿಲಲ್ಲಿ ಅಳು ನಿಲ್ಲಿಸುತ್ತಿದ್ದೆ. ನಾಲ್ಕು ವರ್ಷದವನಾದಾಗ ಚಮಚೆ ಹಿಡಿದು ಬಕೆಟ್ಟಿನ ಮೇಲೆ ಅದನ್ನೇ ಬಡಿದು ನನ್ನ ತಲೆ ತಿನ್ನುತ್ತಿದ್ದೆ. ನಿನಗೆ ಇದು ಗೊತ್ತಿತ್ತೋ ಇಲ್ಲವೋ ನಾನರಿಯೆ. ಪತ್ರಿಕೆಯವರು ಕೇಳಿದಾಗ ‘ಗಣಿತದಿಂದ ಬಂತು’ ಎಂದಿದ್ದೆ.

ಊಟಕ್ಕೆ ಬಂದಾಗ ನಿಮ್ಮಪ್ಪನನ್ನು ಹಿಡಿದು ಕೂರಿಸಿ ಕೇಳಿದೆ: ‘ಏನ್ರೀ, ಅದು ನಿಮ್ಮ ಏಟು ಅಂತ ನಿಮಗೆ ಗೊತ್ತಿತ್ತಾ?’ ಕಿವಿ ಕೆರೆದುಕೊಂಡರು. ‘ರೆಕಾರ್ಡ್ ತಂದ ದಿನಾನೇ ಗೊತ್ತಾಯ್ತು. ಬಲಗೈಲಿ ಸ್ಟಿಯರಿಂಗು, ಎಡಗೈಲಿ ಸಲಾಕೆ. ಬಲಗೈ ಗೇರಿಗೆ ಹೋದಾಗ ಸ್ಟಿಯರಿಂಗ್ ಹಿಡಿಯೋಕೆ ಎಡಗೈ ಒಳಗೆ ಬರ್ಬೇಕಿತ್ತು. ಅದಕ್ಕೇ ಎಂಟನೇದು ಯಾವಾಗಲೂ ತಪ್ಪಿ ಹೋಗ್ತಿತ್ತು’ ಅಂದರು. ‘ಇಷ್ಟು ವರ್ಷ ಹೇಳಬಾರದಿತ್ತೇನ್ರೀ?’ ಎಂದರೆ, ‘ಅವನು ಓದಿದವನು, ದೊಡ್ಡ ದೊಡ್ಡ ಊರಲ್ಲಿ ಬಾರಿಸೋನು. ಇದು ಅವನಪ್ಪನ ಗ್ಯಾಸ್ ಸಿಲಿಂಡರು ಅಂತ ಜನಕ್ಕೆ ಗೊತ್ತಾಗಿ ನಗೋದು ಬೇಡ ಅಂತ’ ಅಂದರು. ಇಪ್ಪತ್ತು ವರ್ಷದ ಹ್ಞೂಂಗೆ ಇದು ಅರ್ಥ. ನಾನು ಅವರ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದೆ, ಈ ಸಲ ಮೆಲ್ಲಗೆ.

ಏಜೆನ್ಸಿಯ ಅರ್ಲಿಂದೊ ಮನೆಗೇ ಬಂದಿದ್ದ. ‘ಗ್ಯಾಸ್ ಮಾರೋ ರಾಗ ಬೇರೆ, ಚಂದ್ರಲೋಕಕ್ಕೆ ಹೋಗೋ ರಾಗ ಬೇರೆ. ಹಳೇ ಕ್ಯಾಸೆಟ್ ಹಾಕಿ, ಇಲ್ಲಾಂದ್ರೆ ಈ ದಿಬ್ಬದ ವ್ಯಾಪಾರಾನ ಬೇರೆಯವರಿಗೆ ಕೊಡ್ತೀನಿ’ ಎಂದು ಗದರಿದ. ನಿಮ್ಮಪ್ಪ ಕಾಫಿ ಕುಡಿದು ಮುಗಿಸಿ, ‘ಕೊಡು. ತಿರುವಲ್ಲಿ ಕ್ಲಚ್ಚು ಹುಷಾರು ಅಂತ ಹೇಳು ಅವನಿಗೆ’ ಅಂದರು. ಆ ದಿಬ್ಬವೇ ನಮ್ಮ ಅನ್ನ. ಆದರೆ ಈ ವಾರ ನೋಡು, ಜನ ಒಂದು ಉಪಾಯ ಕಂಡುಕೊಂಡಿದ್ದಾರೆ. ಹಾಡಿನ ಬುಡ ತುದಿ ತಿಳಿಯದಿದ್ದರೂ ಕೆಮ್ಮು ತಿಳಿಯುತ್ತದಲ್ಲ. ‘ಒರೆಸ್ಟೆಸ್ ಕೆಮ್ಮಿದ, ಸಿಲಿಂಡರ್ ತಗೊಂಡು ನಡಿ’ ಎಂದು ಎಲ್ಲರೂ ಹೊರಡುತ್ತಾರೆ. ಕೆಮ್ಮಿಗೆ ಕಾಯುತ್ತ ಕಾಯುತ್ತ ಹಾಡೂ ಕಿವಿಗೆ ಬಿದ್ದಿದೆ. ನಿನ್ನೆ ಬೇಕರಿಯವನು ಹಿಟ್ಟು ನಾದುತ್ತ ಏಳೇಳಕ್ಕೆ ಗುದ್ದುತ್ತಿದ್ದ. ಕೇಳಿದರೆ ಅವನಿಗೇ ಗೊತ್ತಿಲ್ಲ. ಅರ್ಲಿಂದೊ ಮತ್ತೆ ಬಾಯಿ ಬಿಟ್ಟಿಲ್ಲ. ಆದ್ದರಿಂದ ‘ಯಾರೂ ಕೇಳಲಿಲ್ಲ’ ಎಂಬ ನಿನ್ನ ಸಾಲನ್ನು ದಯವಿಟ್ಟು ತಿದ್ದಿಕೊ.

ಸಂತ ಅಂತೋನಿ ನಿನ್ನನ್ನು ಕಾಯಲಿ. ಸ್ವೆಟರ್ ಹಾಕಿಕೊ, ಪಪ್ಪಾಯಿ ತಿನ್ನು. ಬಡಾವಣೆಯವರೆಲ್ಲ ನಿನ್ನನ್ನು ಕೇಳಿದರು. ದೋನಾ ಎರ್ಸೀಲಿಯಾ ಮಾತ್ರ ಆ ಪೀಪಿ ಸ್ವಲ್ಪ ಕಡಿಮೆ ಮಾಡಬಹುದಿತ್ತು ಅಂದರು.

ಬಾಯಿ ಇನ್ನೂ ಮುಚ್ಚದಿರುವ ನಿನ್ನ ಅಮ್ಮ,
ಜುರೆಮಾ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಆಗಿತ್ತು, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನಿಮ್ಮಪ್ಪ ಈಗ ತಾನೆ ಬಂದು, ‘ಆ ಹಿಟ್ಟಿನ ಯಂತ್ರ ಎಷ್ಟು ಅಗಲ ಇದೆ?’ ಎಂದು ಕೇಳಿದರು. ಶುಕ್ರವಾರ ಸಂಜೆ ಸಿಲಿಂಡರುಗಳನ್ನೆಲ್ಲ ಇಳಿಸಿ, ಯಂತ್ರಕ್ಕೆ ಪೆಟ್ಟಾಗದಂತೆ ನಿನ್ನ ಹಳೆಯ ಹಾಸಿಗೆಯನ್ನು ಲಾರಿಯಲ್ಲಿ ಹಾಸಿಕೊಂಡು ಸಾವೊ ಪೌಲೊಗೆ ಹೊರಡುತ್ತಾರಂತೆ. ಶನಿವಾರ, ಅಂದರೆ ಅತಿ ಹೆಚ್ಚು ಗ್ಯಾಸ್ ಹೋಗುವ ದಿನ, ಲಾರಿ ಖಾಲಿ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಹಾಗಾಗಿ ಹೀಗೆ. ನಿನ್ನ ಮನೆಯ ನಂಬರ್ ಬರೆದುಕೊಡುತ್ತೇನೆಂದರೆ ಬೇಡವಂತೆ, ಬೀದಿ ಗೊತ್ತಿದ್ದರೆ ಸಾಕಂತೆ. ಅವರು ಜೀವಮಾನದಲ್ಲಿ ಯಾರ ಮನೆಯ ಗಂಟೆಯನ್ನೂ ಒತ್ತಿದವರಲ್ಲ. ಬೀದಿಯಲ್ಲಿ ನಿಲ್ಲಿಸಿ ಸದ್ದು ಮಾಡುತ್ತಾರೆ, ಬೇಕಾದವರು ಹೊರಗೆ ಬರುವವರೆಗೆ ಕಾಯುತ್ತಾರೆ. ದಂತವೈದ್ಯರು ಬರುವುದು ಸಂಜೆಗಲ್ಲವೇ? ಬೆಳಿಗ್ಗೆ ನಿನ್ನ ಕಿಟಕಿಯ ಕೆಳಗೆ ಏಳು ಏಟು ಕೇಳಿಸಿ, ಆಮೇಲೆ ಒಂದು ಕೆಮ್ಮು ಕೇಳಿಸಿದರೆ ಕೂತು ಯೋಚಿಸಬೇಡ. ಅಕ್ಕಪಕ್ಕದವರು ಖಾಲಿ ಸಿಲಿಂಡರ್ ತರಲಿ. ನೀನು ಯಂತ್ರ ಎತ್ತಿಕೊಂಡು ಇಳಿದು ಬಾ.